ಸಾವಿರ ಸತ್ತರೆ ಸಾವಿರ ಬರ್ತಾರಾ? - ಒಂದು ಮುಳ್ಳುಹಂದಿ ತಂಡದ ಕತೆ

ಫುಟ್‌ಬಾಲ್ ಬಗ್ಗೆ ನಾನು ಯಾವತ್ತಾದ್ರೂ ಬರೀತೀನಿ ಅಂತ ನಾನೇ ಅಂದುಕೊಂಡಿರಲಿಲ್ಲ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳ್ಕೊಂಡು ಬೆಳೆದವನು ನಾನು. ಆಫ್‌ಸೈಡ್ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ಇವತ್ತಿಗೂ ತಡವರಿಸ್ತೀನಿ.

ಆದರೆ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಲ್ಲಿ ಹನ್ನೊಂದು ಜನ ಸತ್ತರಲ್ಲ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಟ ನೋಡೋಕೆ, ಗೆದ್ದವರನ್ನ ನೋಡೋಕೆ ಅಂತ ಹೋದವರು ಮನೆಗೆ ವಾಪಸ್ ಬರದೇ ಇದ್ದದ್ದು ಬೇರೆ ಎಲ್ಲೆಲ್ಲಿ ಆಗಿದೆ ಅಂತ ಹುಡುಕುತ್ತಾ ಕೂತೆ. ಹಾಗೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಘಾನಾ ದೇಶ, ಅದರ ರಾಜಧಾನಿ ಅಕ್ರಾ, 2001ರ ಮೇ 9. ಸತ್ತವರು 126 ಮಂದಿ. ಅವತ್ತು ಸೋತ ತಂಡದ ಹೆಸರು ಅಸಾಂಟೆ ಕೊಟೊಕೊ. ಆ ತಂಡದ ಲಾಂಛನದಲ್ಲಿ ಒಂದು ಮುಳ್ಳುಹಂದಿ ಇತ್ತು.

ಮುಳ್ಳುಹಂದಿ! ಹುಲಿ ಅಲ್ಲ, ಸಿಂಹ ಅಲ್ಲ, ಹದ್ದೂ ಅಲ್ಲ. ನಮ್ಮ ಕಡೆ ಮುಳ್ಳುಹಂದಿ ಅಂದ್ರೆ ರಾತ್ರೋರಾತ್ರಿ ಬಂದು ಗೆಣಸಿನ ಸಾಲು ಅಗೆದು ಹಾಕೋ ಕಳ್ಳ. ಅದನ್ನ ಯಾರಾದ್ರೂ ಎದೆ ಮೇಲೆ ಹಾಕ್ಕೊಂಡು ಆಟ ಆಡ್ತಾರಾ? ಈ ಪ್ರಶ್ನೆ ಹಿಡ್ಕೊಂಡು ಓದೋಕೆ ಶುರು ಮಾಡಿದವನು ಕೆಲವು ತಿಂಗಳು ಅದರಲ್ಲೇ ಮುಳುಗಿಹೋದೆ. ಅದರ ಫಲವೇ ಈ ಬರಹ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :)

ಯುದ್ಧ ಸೋತವರ ಮುಳ್ಳುಹಂದಿ

ಮುಳ್ಳುಹಂದಿ ಮುಳ್ಳನ್ನ ಬಾಣದ ಹಾಗೆ ಹಾರಿಸುತ್ತೆ ಅಂತ ಚಿಕ್ಕವರಿದ್ದಾಗ ನಾವೆಲ್ಲಾ ನಂಬಿದ್ವಿ. ನಿಜವಾಗಿ ಹಾರಿಸಲ್ಲ, ತಾಗಿದ್ರೆ ಕಳಚಿ ಚುಚ್ಚಿಕೊಳ್ಳುತ್ತೆ ಅಷ್ಟೆ. ಆದರೆ ಕಳೆದುಹೋದ ಜಾಗದಲ್ಲಿ ಹೊಸ ಮುಳ್ಳು ಹುಟ್ಟುತ್ತೆ ಅನ್ನೋದು ಮಾತ್ರ ನಿಜ. ಈಗಿನ ಘಾನಾದ ನಡುಭಾಗದಲ್ಲಿರೋ ಅಸಾಂಟೆ ಜನ ತಮ್ಮ ಸೈನ್ಯಕ್ಕೆ ಇದನ್ನೇ ಗುರುತಾಗಿ ಇಟ್ಟುಕೊಂಡರು. ಅವರ ಮಾತೊಂದಿದೆ: "ಕುಮ್ ಅಪೆಮ್ ಅ, ಅಪೆಮ್ ಬೆಬಾ". ಸಾವಿರ ಮಂದಿಯನ್ನ ಕೊಂದರೆ ಮತ್ತೆ ಸಾವಿರ ಮಂದಿ ಬರ್ತಾರೆ ಅಂತ ಅರ್ಥ. ಕೊಟೊಕೊ ಅಂದ್ರೆ ಮುಳ್ಳುಹಂದಿ.

ಈ ಮಾತು ಅವರಿಗೆ ಬರೀ ಗಾದೆ ಆಗಿರಲಿಲ್ಲ. ಹತ್ತೊಂಬತ್ತನೇ ಶತಮಾನದುದ್ದಕ್ಕೂ ಅವರು ಬ್ರಿಟಿಷರ ಜೊತೆ ಯುದ್ಧದ ಮೇಲೆ ಯುದ್ಧ ಮಾಡಿದರು. 1874ರಲ್ಲಿ ಬ್ರಿಟಿಷರು ಅವರ ರಾಜಧಾನಿ ಕುಮಾಸಿಗೆ ಬೆಂಕಿ ಇಟ್ಟರು. 1896ರಲ್ಲಿ ಅವರ ರಾಜ ಒಂದನೇ ಪ್ರೆಂಪೆಯನ್ನ ಹಿಡಿದು ಗಡೀಪಾರು ಮಾಡಿದರು. ಕೊನೆಗೆ ಅವನನ್ನ ಕಳಿಸಿದ್ದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಕ್ಕೆ. ಅಷ್ಟಕ್ಕೇ ಬಿಡಲಿಲ್ಲ. 1900ರಲ್ಲಿ ಗವರ್ನರ್ ಹಾಜ್‌ಸನ್ ಕುಮಾಸಿಗೆ ಬಂದು, ನಿಮ್ಮ ಚಿನ್ನದ ಪೀಠ ತಂದುಕೊಡಿ, ಅದರ ಮೇಲೆ ನಾನು ಕೂರಬೇಕು ಅಂದ. ಆ ಪೀಠದ ಮೇಲೆ ಅವರ ರಾಜನೇ ಕೂರಲ್ಲ. ಇಡೀ ಜನಾಂಗದ ಪ್ರಾಣ ಅದರಲ್ಲಿದೆ ಅಂತ ನಂಬಿಕೆ. ಎಜಿಸು ಅನ್ನೋ ಊರಿನ ರಾಜಮಾತೆ ಯಾ ಅಸಾಂಟೆವಾ ಜನರನ್ನ ಕಟ್ಟಿಕೊಂಡು ಯುದ್ಧಕ್ಕೆ ಇಳಿದಳು. ನಮ್ಮ ಕಿತ್ತೂರು ಚೆನ್ನಮ್ಮನ ಕತೆ ಗೊತ್ತಿರೋರಿಗೆ ಇದು ಹೇಗೆ ಮುಗಿಯಿತು ಅಂತ ಹೇಳಬೇಕಾಗಿಲ್ಲ. ಅವಳೂ ಸೆರೆಯಾಗಿ ಸೆಶೆಲ್ಸ್‌ಗೆ ಹೋದಳು. ಅಲ್ಲೇ 1921ರಲ್ಲಿ ಸತ್ತಳು. ಆದರೆ ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲೇ ಇಲ್ಲ!

ಒಂದನೇ ಪ್ರೆಂಪೆ 1924ರಲ್ಲಿ ಊರಿಗೆ ವಾಪಸ್ ಬಂದ, ಆದರೆ ರಾಜನಾಗಿ ಅಲ್ಲ, ಸಾಮಾನ್ಯ ಪ್ರಜೆಯಾಗಿ. ಅವನ ನಂತರ ಬಂದ ಎರಡನೇ ಪ್ರೆಂಪೆಯ ಕಾಲದಲ್ಲಿ, 1935ರ ಜನವರಿಯಲ್ಲಿ, ಬ್ರಿಟಿಷರು ಅಸಾಂಟೆ ಒಕ್ಕೂಟಕ್ಕೆ ಮತ್ತೆ ಮಾನ್ಯತೆ ಕೊಟ್ಟರು. ಅಸಾಂಟೆಹೆನೆ, ಅಂದ್ರೆ ಇಡೀ ಅಸಾಂಟೆಯ ಒಡೆಯ ಅನ್ನೋ ಬಿರುದು ಮರಳಿತು. ಸೈನ್ಯ ಮಾತ್ರ ಮರಳಲಿಲ್ಲ.

ಈಗ ಫುಟ್‌ಬಾಲ್‌ಗೆ ಬರ್ತೀನಿ.

ಐದು ಹೆಸರಿನ ತಂಡ

ಅಕ್ರಾದವರಿಗೆ ಸಮುದ್ರ ಇತ್ತು, ಬಂದರಿತ್ತು, ಹಾಗಾಗಿ ಬ್ರಿಟಿಷರ ಆಟವೂ ಬೇಗ ಬಂತು. ಅಲ್ಲಿನ ಹಾರ್ಟ್ಸ್ ಆಫ್ ಓಕ್ ಕ್ಲಬ್ ಹುಟ್ಟಿದ್ದು 1911ರ ನವೆಂಬರ್ 11ರಂದು. (ಅದೇ ವರ್ಷ ಕಲ್ಕತ್ತಾದಲ್ಲಿ ಮೋಹನ್ ಬಗಾನ್ ಹುಡುಗರು ಬ್ರಿಟಿಷ್ ಪಡೆಯ ತಂಡವನ್ನ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿದ್ದರು. ಕಾಕತಾಳೀಯ, ಅಷ್ಟೆ. ಆದರೂ ಹೇಳಬೇಕು ಅನ್ನಿಸಿತು.) ಒಳನಾಡಿನ ಕುಮಾಸಿಗೆ ಆಟದ ಹುಚ್ಚು ಹಿಡಿಸಿದವನು ಕ್ವಾಸಿ ಕುಮಾ ಅಂತ ಒಬ್ಬ ಡ್ರೈವರ್. ಅಕ್ರಾಗೆ ಹೋದಾಗ ಆಟ ನೋಡಿ, ಊರಿಗೆ ಬಂದು ಎಲ್.ವೈ. ಅಸಮೋವಾ ಅನ್ನೋ ಗೆಳೆಯನ ಜೊತೆ ಸೇರಿ 1926ರಲ್ಲಿ ಒಂದು ತಂಡ ಕಟ್ಟಿದ. ಹೆಸರು ರೇನ್‌ಬೋ.

ಆಮೇಲೆ ಹೆಸರು ಅಶಾಂಟಿ ಯುನೈಟೆಡ್ ಆಯಿತು. ಆಮೇಲೆ ಟೈಟಾನಿಕ್ಸ್! (ಮುಳುಗಿದ ಹಡಗಿನ ಹೆಸರು ಇಟ್ಟುಕೊಂಡರೆ ಇನ್ನೇನಾಗುತ್ತೆ ಅಂತ ನಿಮ್ಮ ಹಾಗೇ ನಾನೂ ನಕ್ಕೆ.) ಆಮೇಲೆ ಮೈಟಿ ಆಟಮ್ಸ್. ಯಾವ ಹೆಸರೂ ಅದೃಷ್ಟ ತರಲಿಲ್ಲ. ಕೊನೆಗೆ ಕುಮಾಸಿಯ ಸರ್ಕಾರಿ ಶಾಲೆಯ ಮೇಷ್ಟ್ರು, ಜೆ.ಎಸ್.ಕೆ. ಫ್ರಿಂಪಾಂಗ್ ಅಂತ, ಎರಡನೇ ಪ್ರೆಂಪೆಯ ಅಪ್ಪಣೆ ಪಡೆದು ಕೊಟೊಕೊ ಅಂತ ಹೆಸರಿಡೋಣ ಅಂದರು. ರಾಜ ಒಪ್ಪಿದ. ತಾನೇ ತಂಡದ ಪೋಷಕನಾದ.

ವರ್ಷ 1935. ಒಕ್ಕೂಟ ಮರಳಿದ ಅದೇ ವರ್ಷ!

ಇದನ್ನ ಓದಿದಾಗ ನನಗೆ ರೋಮಾಂಚನ ಆಯಿತು. ಗುರುತು ಇದೆ, ಸೈನ್ಯ ಇಲ್ಲ. ಗಾದೆ ಇದೆ, ಯುದ್ಧ ಇಲ್ಲ. ಅವೆರಡನ್ನೂ ಎತ್ತಿ ಹನ್ನೊಂದು ಹುಡುಗರ ಬೆನ್ನ ಮೇಲೆ ಇಟ್ಟುಬಿಟ್ಟರು. ಅವತ್ತಿನಿಂದ ಕೊಟೊಕೊ ಅಂದ್ರೆ ಬರೀ ಕ್ಲಬ್ ಅಲ್ಲ. ಕೆಂಪು ಅಂಗಿ ಹಾಕ್ಕೊಂಡು ಅಕ್ರಾದವರ ಮೇಲೆ ಆಡೋಕೆ ಹೋಗೋದು ಅಂದ್ರೆ ದಂಡೆತ್ತಿ ಹೋದ ಹಾಗೆ.

ರಾಜಕೀಯ ನುಗ್ಗಿದ್ದು

1957ರ ಮಾರ್ಚ್ 6ರಂದು ಘಾನಾ ಸ್ವತಂತ್ರ ಆಯಿತು. ಪ್ರಧಾನಿ, ಆಮೇಲೆ ಅಧ್ಯಕ್ಷ, ಕ್ವಾಮೆ ಎನ್‌ಕ್ರೂಮಾ. ಅವರಿಗೂ ಅಸಾಂಟೆಯವರಿಗೂ ಅಷ್ಟಕ್ಕಷ್ಟೆ. ಕೋಕೋ ಬೆಳೆಯೋರು ನಾವು, ದುಡ್ಡು ಮಾತ್ರ ಅಕ್ರಾಗೆ ಅಂತ 1954ರಲ್ಲೇ ಕುಮಾಸಿಯಲ್ಲಿ ಒಂದು ಚಳವಳಿ ಎದ್ದಿತ್ತು. ದೇಶ ಒಂದಾಗಿರಬೇಕು ಅನ್ನೋದು ಎನ್‌ಕ್ರೂಮಾ ಹಟ. ಅದಕ್ಕೆ ಫುಟ್‌ಬಾಲ್ ಕೂಡಾ ಒಂದು ದಾರಿ ಅಂತ ಅವರು ಕಂಡುಕೊಂಡರು.

1961ರಲ್ಲಿ ರಿಯಲ್ ರಿಪಬ್ಲಿಕನ್ಸ್ ಅಂತ ಹೊಸ ತಂಡ ಕಟ್ಟಿದರು. ಬೇರೆ ಕ್ಲಬ್‌ಗಳ ಒಳ್ಳೊಳ್ಳೆ ಆಟಗಾರರನ್ನೆಲ್ಲ ಆರಿಸಿ ಅದಕ್ಕೆ ಸೇರಿಸಿದರು. ಕೊಟೊಕೊದಿಂದ ಹೋದವನು ಬಾಬಾ ಯಾರಾ. ಬಲಬದಿಯ ವಿಂಗರ್, ಜನರ ಕಣ್ಮಣಿ. ತಂಡದವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು ಯೋಚಿಸಿ.

1963ರ ಮಾರ್ಚ್ 24. ವೋಲ್ಟಾ ಪ್ರಾಂತ್ಯದ ಪಾಂಡು ಅನ್ನೋ ಊರಲ್ಲಿ ಪಂದ್ಯ ಆಡಿ ಬರ್ತಿದ್ದ ರಿಪಬ್ಲಿಕನ್ಸ್ ಬಸ್ಸು ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿತು. ಬಾಬಾ ಯಾರಾ ಬೆನ್ನುಮೂಳೆಗೆ ಪೆಟ್ಟಾಯಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಕಳಿಸಿದರು. ಆದರೂ ಅವನು ಮತ್ತೆ ನಡೆಯಲಿಲ್ಲ. ಆರು ವರ್ಷ ಗಾಲಿಕುರ್ಚಿಯಲ್ಲಿದ್ದು 1969ರಲ್ಲಿ ತೀರಿಕೊಂಡ. ಎನ್‌ಕ್ರೂಮಾ ಸರ್ಕಾರ 1966ರಲ್ಲಿ ಉರುಳಿದಾಗ ರಿಪಬ್ಲಿಕನ್ಸ್ ತಂಡವೂ ಮುಚ್ಚಿಹೋಗಿತ್ತು. ಈಗ ಕುಮಾಸಿಯಲ್ಲಿ ಕೊಟೊಕೊ ಆಡೋ ಸ್ಟೇಡಿಯಂ ಹೆಸರು ಬಾಬಾ ಯಾರಾ ಸ್ಟೇಡಿಯಂ. ಹೆಸರಾದರೂ ಮನೆಗೆ ಬಂತು.

ಬರದ ಸುದ್ದಿ, ಚೌಕುಳಿ ಟೋಪಿ

ಆಫ್ರಿಕಾದ ಚಾಂಪಿಯನ್ ಕ್ಲಬ್‌ಗಳ ಕಪ್ಪಿನ ಫೈನಲ್‌ಗೆ ಕೊಟೊಕೊ ಮೊದಲ ಸಲ ಬಂದಿದ್ದು 1967ರಲ್ಲಿ. ಎದುರಾಳಿ ಕಾಂಗೋದ ಟಿಪಿ ಎಂಗ್ಲೆಬೆರ್ (ಈಗಿನ ಟಿಪಿ ಮಜೆಂಬೆ). ಕುಮಾಸಿಯಲ್ಲಿ 1-1, ಕಾಂಗೋದಲ್ಲಿ 2-2. ಸಮ. ಹಾಗಾದ್ರೆ ಮೂರನೇ ಪಂದ್ಯ ಆಡಿ, ಕ್ಯಾಮರೂನಿನ ಯಾವುಂಡೆಯಲ್ಲಿ, ಅಂತ ತೀರ್ಮಾನ ಆಯಿತು. ಆದರೆ ಘಾನಾದ ಫುಟ್‌ಬಾಲ್ ಸಂಸ್ಥೆ ಆ ಸುದ್ದಿಯನ್ನ ಕೊಟೊಕೊಗೆ ಮುಟ್ಟಿಸಲೇ ಇಲ್ಲ! ಎಂಗ್ಲೆಬೆರ್‌ನವರು ಹೋದರು, ಕೊಟೊಕೊ ಬರಲಿಲ್ಲ, ಕಪ್ ಅವರಿಗೆ. ಯಾರದೋ ಟೇಬಲ್ ಮೇಲೆ ಒಂದು ಕಾಗದ ಕೂತುಬಿಟ್ಟರೆ ಏನೇನಾಗುತ್ತೆ ಅಂತ ನಮಗೇನು ಯಾರೂ ಹೇಳಿಕೊಡಬೇಕಾಗಿಲ್ಲ, ಬಿಡಿ.

ಮೂರು ವರ್ಷ ಬಿಟ್ಟು 1970ರ ಟೂರ್ನಿಯ ಫೈನಲ್‌ನಲ್ಲಿ ಮತ್ತೆ ಅದೇ ಎಂಗ್ಲೆಬೆರ್. ಅವರಿಗೆ ಅದು ಸತತ ನಾಲ್ಕನೇ ಫೈನಲ್. ಕುಮಾಸಿಯಲ್ಲಿ ಮತ್ತೆ 1-1. 1971ರ ಜನವರಿಯಲ್ಲಿ ಕಿನ್ಶಾಸಾದಲ್ಲಿ ಎರಡನೇ ಪಂದ್ಯ. ಸ್ಟೇಡಿಯಂ ತುಂಬಾ ಎದುರಾಳಿಯ ಜನ. ಕೊಟೊಕೊ 2-1ರಿಂದ ಗೆದ್ದಿತು!

ಈ ಪಂದ್ಯದ ಬಗ್ಗೆ ಘಾನಾದಲ್ಲಿ ಇವತ್ತಿಗೂ ಹೇಳೋ ಒಂದು ಕತೆ ಇದೆ. ಗೋಲ್‌ಕೀಪರ್ ರಾಬರ್ಟ್ ಮೆನ್ಸಾ ಯಾವಾಗಲೂ ಒಂದು ಚೌಕುಳಿ ಟೋಪಿ ಹಾಕ್ಕೊಂಡು ಆಡ್ತಿದ್ದ. ಆ ಟೋಪಿಯಲ್ಲಿ ಏನೋ ಮಾಟ ಇದೆ, ಅದನ್ನ ತೆಗೆಸಿ ಅಂತ ಅಲ್ಲಿನವರು ಗಲಾಟೆ ಮಾಡಿದರಂತೆ. ಕೊನೆಯಲ್ಲಿ ಎಂಗ್ಲೆಬೆರ್‌ಗೆ ಪೆನಾಲ್ಟಿ ಸಿಕ್ಕಿ, ಹೊಡೆದವನು ಗೋಲ್ ತಪ್ಪಿಸಿಬಿಟ್ಟನಂತೆ. ಟೋಪಿಯ ಮಾಟವೋ, ಮೆನ್ಸಾನ ಗತ್ತು ನೋಡಿ ಅವನ ಕಾಲು ನಡುಗಿತೋ! ನಾನಂತೂ ಎರಡನೇದನ್ನ ನಂಬ್ತೀನಿ.

ಆದರೆ ಈ ಕತೆಗೆ ಇನ್ನೊಂದು ತುದಿ ಇದೆ. ಅದೇ ವರ್ಷದ ನವೆಂಬರ್ ಶುರುವಿನಲ್ಲಿ ತೇಮಾ ಪಟ್ಟಣದ ಒಂದು ಬಾರ್‌ನಲ್ಲಿ ಜಗಳವಾಗಿ ಯಾರೋ ಮೆನ್ಸಾಗೆ ಚುಚ್ಚಿದರು. ಆಸ್ಪತ್ರೆಯಲ್ಲಿ ಸತ್ತ. ಆಫ್ರಿಕಾ ಖಂಡದ ಕಪ್ ಗೆದ್ದು ಇನ್ನೂ ವರ್ಷ ತುಂಬಿರಲಿಲ್ಲ.

ಮುಂದಿನ ತಿಂಗಳೇ ಮತ್ತೆ ಫೈನಲ್, ಈ ಸಲ ಕ್ಯಾಮರೂನಿನ ಕ್ಯಾನನ್ ಯಾವುಂಡೆ ಮೇಲೆ. ಮೊದಲ ಪಂದ್ಯ 3-0 ಗೆದ್ದರು, ಎರಡನೇದು 0-2 ಸೋತರು. ಈಗಿನ ಲೆಕ್ಕದಲ್ಲಾದ್ರೆ 3-2, ಕಪ್ ಕೊಟೊಕೊದ್ದೇ. ಆಗ ಗೋಲುಗಳನ್ನ ಕೂಡಿಸ್ತಿರಲಿಲ್ಲ. ಒಂದೊಂದು ಗೆಲುವು ಅಂತ ಮೂರನೇ ಪಂದ್ಯ ಆಡಿಸಿದರು. ಅದರಲ್ಲಿ ಸೋತರು. ಆ ವರ್ಷದ ಆಫ್ರಿಕಾದ ಶ್ರೇಷ್ಠ ಆಟಗಾರ ಪ್ರಶಸ್ತಿ ಕೊಟೊಕೊದ ಇಬ್ರಾಹಿಂ ಸಂಡೆಗೆ ಬಂತು. ಸಮಾಧಾನ ಅಂದ್ರೆ ಅಷ್ಟೆ. 1973ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು.

ಹೊಟ್ಟೆಗಿಲ್ಲದ ವರ್ಷದ ಗೆಲುವು

ನನಗೆ ಅತ್ಯಂತ ಇಷ್ಟವಾದ ಭಾಗ ಇದು.

1982ರ ಫೈನಲ್‌ನಲ್ಲಿ ಈಜಿಪ್ಟಿನ ಅಲ್ ಅಹ್ಲಿ ತಂಡ ಕೊಟೊಕೊಗೆ ಚೆನ್ನಾಗಿ ಬಾರಿಸಿತ್ತು. ಕೈರೋದಲ್ಲಿ 3-0, ಕುಮಾಸಿಯಲ್ಲಿ 1-1. ಅಲ್ ಅಹ್ಲಿ ಮೊದಲ ಸಲ ಆಫ್ರಿಕಾದ ಚಾಂಪಿಯನ್ ಆಯಿತು.

ಆಮೇಲೆ ಬಂದ 1983 ಘಾನಾದವರು ಮರೆಯದ ವರ್ಷ. ಜನವರಿಯಲ್ಲಿ ನೈಜೀರಿಯಾ ಸರ್ಕಾರ ಕಾಗದಪತ್ರ ಇಲ್ಲದ ವಲಸಿಗರೆಲ್ಲ ದೇಶ ಬಿಟ್ಟು ಹೋಗಿ ಅಂದಿತು. ಹತ್ತು ಲಕ್ಷದಷ್ಟು ಘಾನಾದವರು ಕೈಗೆ ಸಿಕ್ಕಿದ್ದನ್ನ ಚೀಲಕ್ಕೆ ತುಂಬಿಕೊಂಡು ಊರಿಗೆ ವಾಪಸ್ ಬಂದರು. ಊರಲ್ಲಿ ಮಳೆ ಇಲ್ಲ. ಕಾಡ್ಗಿಚ್ಚಿಗೆ ಕೋಕೋ ತೋಟ, ಜೋಳದ ಹೊಲ ಸುಟ್ಟುಹೋಗಿದ್ದವು. ಅಂಗಡಿಗಳು ಖಾಲಿ. ಜನ ಎಷ್ಟು ಸೊರಗಿದ್ದರು ಅಂದ್ರೆ ಕತ್ತಿನ ಕೆಳಗೆ ಎದ್ದು ಕಾಣೋ ಮೂಳೆಗೆ "ರಾಲಿಂಗ್ಸ್ ಸರ" ಅಂತ ಹೆಸರು ಬಿದ್ದಿತ್ತು, ಆಗ ದೇಶ ಆಳುತ್ತಿದ್ದ ಜೆರ್ರಿ ರಾಲಿಂಗ್ಸ್ ಹೆಸರಲ್ಲಿ. ಹಸಿವಿನ ಮಧ್ಯೆಯೂ ಜೋಕ್ ಮಾಡೋ ಜನ!

ಆ ವರ್ಷ ಫೈನಲ್‌ನಲ್ಲಿ ಮತ್ತೆ ಅದೇ ಎರಡು ತಂಡ. ಅಲ್ ಅಹ್ಲಿಯಲ್ಲಿದ್ದ ಮಹಮೂದ್ ಅಲ್ ಖತೀಬ್‌ಗೆ ಆ ವರ್ಷದ ಆಫ್ರಿಕಾದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು ಅಂದ್ರೆ ತಂಡ ಎಂಥದ್ದು ಅಂತ ಲೆಕ್ಕ ಹಾಕಿ. ಕೈರೋದಲ್ಲಿ ಕೊಟೊಕೊ ಗೋಲ್ ಬಿಟ್ಟುಕೊಡಲಿಲ್ಲ. 0-0. ಡಿಸೆಂಬರ್ 11ರಂದು ಕುಮಾಸಿಯಲ್ಲಿ ಎರಡನೇ ಪಂದ್ಯ. ಒಪೊಕು ಎನ್ಟಿ ಒಂದು ಗೋಲ್ ಹೊಡೆದ. ಮತ್ಯಾರೂ ಹೊಡೆಯಲಿಲ್ಲ. 1-0. ಕೊಟೊಕೊ ಎರಡನೇ ಸಲ ಆಫ್ರಿಕಾದ ಚಾಂಪಿಯನ್!

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾವು ಹಂಗಿಸ್ತೀವಲ್ಲ, ಆ ಗಾದೆ ಇಲ್ಲಿ ಯಾಕೋ ತಿರುಗುಮುರುಗು ಆಗುತ್ತೆ. ಕೆಲವು ಸಲ ಹಿಟ್ಟಿಲ್ಲದವನಿಗೇ ಹೂವು ಬೇಕಾಗುತ್ತೆ.

ಅಲ್ಲಿಂದ ಮುಂದೆ ಆ ಕಪ್ ಅವರಿಗೆ ಸಿಕ್ಕಿಲ್ಲ. 1993ರ ಫೈನಲ್‌ನಲ್ಲಿ ಈಜಿಪ್ಟಿನ ಜಮಾಲೆಕ್ ಜೊತೆ ಎರಡೂ ಪಂದ್ಯ 0-0 ಆಗಿ ಪೆನಾಲ್ಟಿಯಲ್ಲಿ ಕೈತಪ್ಪಿತು. ಆದರೂ ಆಫ್ರಿಕಾದ ಫುಟ್‌ಬಾಲ್ ಒಕ್ಕೂಟ ಇಪ್ಪತ್ತನೇ ಶತಮಾನದ ಕ್ಲಬ್‌ಗಳ ಪಟ್ಟಿ ಮಾಡಿದಾಗ ಅಲ್ ಅಹ್ಲಿ, ಜಮಾಲೆಕ್ ಆದ ಮೇಲೆ ಮೂರನೇ ಹೆಸರು ಕೊಟೊಕೊದ್ದು. ಘಾನಾದ ಲೀಗ್‌ನ್ನ ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ಅಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ.

ಮೇ 9

ಈಗ ನಾನು ಶುರು ಮಾಡಿದ ಜಾಗಕ್ಕೆ ಬರಲೇಬೇಕು.

2001ರ ಹೊತ್ತಿಗೆ ಹಾರ್ಟ್ಸ್ ಆಫ್ ಓಕ್‌ನವರದ್ದೇ ದರ್ಬಾರು. ವರ್ಷಗಳಿಂದ ಲೀಗ್ ಅವರದ್ದೇ, 2000ದಲ್ಲಿ ಆಫ್ರಿಕಾದ ಕಪ್ಪೂ ಅವರದ್ದೇ. ಮೇ 9, ಬುಧವಾರ, ಅಕ್ರಾದಲ್ಲಿ ಹಾರ್ಟ್ಸ್-ಕೊಟೊಕೊ ಪಂದ್ಯ. ಕೊಟೊಕೊ 1-0 ಮುಂದಿತ್ತು. ಕೊನೆ ಕೊನೆಗೆ ಹಾರ್ಟ್ಸ್ ಎರಡು ಗೋಲ್ ಹೊಡೆದು 2-1 ಮಾಡಿತು. ಸಿಟ್ಟಿಗೆದ್ದ ಕೊಟೊಕೊ ಅಭಿಮಾನಿಗಳು ಪ್ಲಾಸ್ಟಿಕ್ ಕುರ್ಚಿ ಕಿತ್ತು ಮೈದಾನಕ್ಕೆ ಎಸೆದರು. ಪೊಲೀಸರು ಜನ ತುಂಬಿದ್ದ ಸ್ಟ್ಯಾಂಡಿಗೇ ಅಶ್ರುವಾಯು ಹಾರಿಸಿದರು. ಕಣ್ಣು ಉರಿದು, ಉಸಿರು ಕಟ್ಟಿ, ಜನ ಮೆಟ್ಟಿಲ ಕಡೆ ನುಗ್ಗಿದರು. ಕೆಳಗೆ ಹೋದರೆ ಗೇಟುಗಳಿಗೆ ಬೀಗ.

126 ಮಂದಿ. ಹೆಚ್ಚಿನವರು ಉಸಿರುಕಟ್ಟಿ ಸತ್ತರು. ಸತ್ತಿದ್ದಾನೆ ಅಂತ ಹೆಣಗಳ ಜೊತೆ ಮಲಗಿಸಿದ್ದ ಒಬ್ಬ ಮನುಷ್ಯ ಯಾರೋ ಕಾಲು ತುಳಿದಾಗ ಎಚ್ಚರಗೊಂಡು ಎದ್ದ. ಬದುಕಿ ಉಳಿದು, ಆ ದಿನದ ಬಗ್ಗೆ ಆಮೇಲೆ ಎಲ್ಲರಿಗೂ ಹೇಳಿದ. ಉಳಿದವರು ಏಳಲಿಲ್ಲ.

ವಿಚಾರಣಾ ಆಯೋಗ ಕೂತಿತು. ಪೊಲೀಸರು ಅತಿ ಮಾಡಿದರು, ಗೇಟು ಮುಚ್ಚಿದ್ದು ತಪ್ಪು ಅಂದಿತು. ಆರು ಪೊಲೀಸ್ ಅಧಿಕಾರಿಗಳ ಮೇಲೆ ಮೊಕದ್ದಮೆ ಆಯಿತು. ಕೋರ್ಟು ಅವರನ್ನ ಬಿಡುಗಡೆ ಮಾಡಿತು. ಸ್ಟೇಡಿಯಂ ಹೊರಗೆ ಒಂದು ಪ್ರತಿಮೆ ನಿಲ್ಲಿಸಿದರು, ಒಬ್ಬ ಅಭಿಮಾನಿ ಇನ್ನೊಬ್ಬನನ್ನ ಹೊತ್ತುಕೊಂಡು ಹೋಗ್ತಿರೋ ಹಾಗೆ. ಆಗ ಕೊಟೊಕೊದ ಮುಖ್ಯಸ್ಥರಾಗಿದ್ದ ಹರ್ಬರ್ಟ್ ಮೆನ್ಸಾ ಆಮೇಲೆ ವರ್ಷಾವರ್ಷ ಮೇ 9ರ ಸ್ಮರಣೆ ನಡೆಸಿಕೊಂಡು ಬಂದರು.

ಮೂರೂವರೆ ವರ್ಷದ ನಂತರ ಅದೇ ಎರಡು ತಂಡ ಆಫ್ರಿಕಾದ ಹೊಸ ಕಾನ್ಫೆಡರೇಶನ್ ಕಪ್ಪಿನ ಮೊದಲ ಫೈನಲ್‌ನಲ್ಲೇ ಎದುರುಬದುರಾದವು. 1-1, 1-1, ಕೊನೆಗೆ ಪೆನಾಲ್ಟಿಯಲ್ಲಿ 8-7. 2005ರ ಜನವರಿಯಲ್ಲಿ ಕುಮಾಸಿಯಲ್ಲೇ, ಕೊಟೊಕೊದ ಅಂಗಳದಲ್ಲೇ, ಹಾರ್ಟ್ಸ್ ಗೆದ್ದಿತು. ಇದಕ್ಕಿಂತ ಕಹಿ ಸೋಲು ಕೊಟೊಕೊಗೆ ಇರಲಿಕ್ಕಿಲ್ಲ. ಆದರೆ 2001ರ ದುರಂತ ಮರುಕಳಿಸಲಿಲ್ಲ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಗೆಲುವುಗಳಲ್ಲಿ ಅದೂ ಒಂದು.

ಪಾಠ ಎಲ್ಲರೂ ಕಲಿತರು ಅಂತ ಮುಗಿಸೋ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ನ್ಸೊಆಟ್ರೆ ಅನ್ನೋ ಊರಿಗೆ ತಂಡದ ಜೊತೆ ಹೋಗಿದ್ದ ಕೊಟೊಕೊದ ಹೆಸರಾಂತ ಅಭಿಮಾನಿಯೊಬ್ಬನನ್ನ ಅಲ್ಲಿನ ಗಲಾಟೆಯಲ್ಲಿ ಚುಚ್ಚಿ ಕೊಂದರು. ಲೀಗ್ ಕೆಲ ಕಾಲ ನಿಂತುಹೋಯಿತು.

ಕೊನೆಗೊಂದು ಮಾತು

ಸಾವಿರ ಕೊಂದರೆ ಸಾವಿರ ಬರ್ತಾರೆ. ಈ ಮಾತಿನ ಬಲದ ಮೇಲೇ ಒಂದು ಸೋತ ಜನಾಂಗ ತಲೆ ಎತ್ತಿ ನಿಂತಿತು, ಒಂದು ತಂಡ 1967ರ ಸೋಲನ್ನ 1971ರಲ್ಲಿ, 1982ರ ಸೋಲನ್ನ 1983ರಲ್ಲಿ ತೀರಿಸಿಕೊಂಡಿತು. ತಂಡದ ಮಟ್ಟಿಗೆ ಅದು ನಿಜ. ಬಾಬಾ ಯಾರಾ ಹೋದ, ಇಬ್ರಾಹಿಂ ಸಂಡೆ ಬಂದ. ಮೆನ್ಸಾ ಹೋದ, ಗೋಲಿಗೆ ಇನ್ನೊಬ್ಬ ಬಂದ.

ಆದರೆ ಆ 126 ಮನೆಗಳಲ್ಲಿ? ಅಲ್ಲಿ ಸಾವಿರದ ಲೆಕ್ಕ ಇಲ್ಲ. ಅಲ್ಲಿರೋದು ಒಂದರ ಲೆಕ್ಕ ಮಾತ್ರ. ಮುಳ್ಳುಹಂದಿಗೆ ಉದುರಿದ ಮುಳ್ಳಿನ ಜಾಗದಲ್ಲಿ ಹೊಸದು ಹುಟ್ಟುತ್ತೆ, ತಾಯಿಗೆ ಹಾಗಲ್ಲ. ಸೈನ್ಯಕ್ಕೆ ಧೈರ್ಯ ಕೊಡೋ ಗಾದೆಯನ್ನ ಟಿಕೆಟ್ ತಗೊಂಡು ಆಟ ನೋಡೋಕೆ ಬಂದವನ ಮೇಲೆ ಹೇರೋದು ತಪ್ಪು. ಬೀಗ ತೆಗೆದಿಡಬೇಕಾದವನ ಕೆಲಸವನ್ನ ಯಾವ ಅಭಿಮಾನವೂ ಮಾಡಲ್ಲ.

ಹಾಗಂತ ಅಭಿಮಾನ ಬೇಡ ಅಂತಲೂ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. 1983ರ ಡಿಸೆಂಬರ್‌ನಲ್ಲಿ ಹಸಿದ ಹೊಟ್ಟೆಯಲ್ಲಿ ಕುಮಾಸಿಯ ಬೀದಿಗಳಲ್ಲಿ ಕುಣಿದವರಿಗೆ ಅದನ್ನ ಹೇಳೋಕೆ ನಾನ್ಯಾರು? 2025ರಲ್ಲಿ ಹದಿನೆಂಟನೇ ಐಪಿಎಲ್‌ನಲ್ಲಿ ಕೊನೆಗೂ ನಮ್ಮ ಊರಿನ ತಂಡ ಕಪ್ ಗೆದ್ದ ರಾತ್ರಿ ನಾನೂ ಮನೆಯ ಟೆರೇಸಿಗೆ ಹೋಗಿ ಕಿರುಚಿದವನೇ. ಮಾರನೇ ದಿನ ಸಂಜೆ ಗೇಟಿನ ಹತ್ತಿರ ಬಿದ್ದಿದ್ದ ಚಪ್ಪಲಿಗಳ ಫೋಟೋ ನೋಡಿದವನೂ ನಾನೇ.

ಕುಮಾಸಿಗೆ ನಾನು ಹೋಗಿಲ್ಲ, ಹೋಗ್ತೀನೋ ಇಲ್ವೋ ಗೊತ್ತಿಲ್ಲ. ಹೋದರೆ ಬಾಬಾ ಯಾರಾ ಸ್ಟೇಡಿಯಂನಲ್ಲಿ ಒಂದು ಮ್ಯಾಚ್ ನೋಡಬೇಕು ಅಂತ ಆಸೆ. ಒಳಗೆ ಹೋಗೋ ಮುಂಚೆ ಗೇಟು ಎಲ್ಲಿದೆ, ಯಾವ ಕಡೆ ತೆರೆಯುತ್ತೆ ಅಂತ ನೋಡಿಕೊಂಡೇ ಹೋಗ್ತೀನಿ. ಈಗ ಎಲ್ಲಿಗೆ ಹೋದರೂ ಅದೊಂದು ಅಭ್ಯಾಸ ಆಗಿಬಿಟ್ಟಿದೆ.

ನಿಮ್ಮಲ್ಲಿ ಫುಟ್‌ಬಾಲ್ ಬಲ್ಲವರಿದ್ದರೆ, ನಾನು ಆಟದ ವಿಷಯದಲ್ಲಿ ಎಲ್ಲಾದ್ರೂ ಎಡವಿದ್ದರೆ, ತಿದ್ದಿ. ಹಾಗೇ ಆಫ್‌ಸೈಡ್ ಅಂದ್ರೇನು ಅಂತ ಒಂದ್ಸಲ ಸರಿಯಾಗಿ ಹೇಳಿಕೊಡಿ ಮಾರಾಯ್ರೇ!